ಹಾಸ್ಟೆಲ್‌ಗೆ ಕಳುಹಿಸುವ ಮೊದಲು ತಿಂಗಳ ಲೆಕ್ಕ ಕಲಿಸೋಣ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಮುಗಿಸಿ ಪದವಿ ಓದಲು ಸಣ್ಣ ಊರುಗಳಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಗೆ ಹೊರಡುವ ಮಕ್ಕಳಿಗೆ ನಾವು ಹಾಸಿಗೆ, ಬಕೆಟ್ಟು, ಚಟ್ನಿಪುಡಿ ಎಲ್ಲವನ್ನೂ ಕಟ್ಟಿಕೊಡುತ್ತೇವೆ. ಕೈಗೆ ಬಂದ ಹಣವನ್ನು ಮೂವತ್ತು ದಿನಕ್ಕೆ ಹೊಂದಿಸಿಕೊಳ್ಳುವುದನ್ನು ಮಾತ್ರ ಕಲಿಸುವುದಿಲ್ಲ.

ಕಳೆದ ವರ್ಷ ನನ್ನ ಮಗ ಬೆಂಗಳೂರಿನ ಪಿ.ಜಿ.ಯೊಂದಕ್ಕೆ ಸೇರಿದ. ಊಟ, ಬಾಡಿಗೆಯನ್ನು ನಾವೇ ಕಟ್ಟಿ, ಮೇಲ್ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಕಳುಹಿಸುತ್ತಿದ್ದೆವು. ಮೊದಲ ತಿಂಗಳು 17ನೇ ತಾರೀಖಿಗೇ ಹಣ ಮುಗಿಯಿತೆಂದು ಫೋನ್ ಮಾಡಿದ. ಊರಿಗೆ ಬಂದಾಗ ಇಬ್ಬರೂ ಕುಳಿತು ಅವನ ಮೊಬೈಲಿನಲ್ಲಿದ್ದ ಯುಪಿಐ ಪಾವತಿಗಳನ್ನು ಒಂದೊಂದಾಗಿ ನೋಡಿದೆವು. ಚಹಾಕ್ಕೆ 15, ಜೆರಾಕ್ಸ್‌ಗೆ 22, ಮಳೆ ಬಂದ ದಿನ ಆಟೊಗೆ 90, ಗೆಳೆಯನ ಹುಟ್ಟುಹಬ್ಬದ ಕೇಕಿನ ಪಾಲು 150: ದುಂದು ಎನ್ನುವಂಥದ್ದು ಎಲ್ಲೂ ಕಾಣಲಿಲ್ಲ. ಆದರೆ ಪರೀಕ್ಷಾ ಶುಲ್ಕ, ಜ್ವರ ಬಂದರೆ ಔಷಧ, ಹಬ್ಬಕ್ಕೆ ಊರಿಗೆ ಬರುವ ಬಸ್ ಚಾರ್ಜು ಹೀಗೆ ಪ್ರತಿ ತಿಂಗಳೂ ಬಾರದ, ಆದರೂ ಬಂದೇ ಬರುವ ಖರ್ಚುಗಳಿಗೆ ಮೊದಲೇ ಒಂದಿಷ್ಟು ತೆಗೆದಿಡಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದು, ತಿಂಗಳ ಕೊನೆಗೆ ಕೂಡಿಸಿ, ಹಾಲಿನವರಿಗೆ ಹಣ ಕೊಡುವ ಕೆಲಸವನ್ನು 18 ವರ್ಷಗಳಲ್ಲಿ ಒಮ್ಮೆಯೂ ನಾನು ಅವನಿಗೆ ವಹಿಸಿರಲಿಲ್ಲ. "ನೀನು ಓದಿಕೋ, ಸಾಕು" ಎನ್ನುತ್ತಿದ್ದೆ.

ರಾಜ್ಯದ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪಠ್ಯದಲ್ಲಿ ಬ್ಯಾಂಕ್ ವ್ಯವಹಾರವೂ ಇದೆ, ಸರ್ಕಾರದ ಆಯವ್ಯಯವೂ ಇದೆ. ಕೊರತೆ ಆಯವ್ಯಯದ ಪ್ರಶ್ನೆಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿಗೂ ತನ್ನ ಜೇಬಿನ ಕೊರತೆ ಮುಂಚಿತವಾಗಿ ಕಾಣುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ನಿಜವಾದ ಹಣ ಅವನ ಜವಾಬ್ದಾರಿಗೆ ಬಂದಿರುವುದಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳ ಮಕ್ಕಳ ಸಂತೆಯಲ್ಲಿ ಸೊಪ್ಪಿನ ಕಟ್ಟು ಮಾರಿ ಚಿಲ್ಲರೆ ಎಣಿಸುವ ಪುಟ್ಟ ಮಕ್ಕಳನ್ನು ಕಂಡವರಿಗೆ ಆ ಕಲಿಕೆ ಎಷ್ಟು ಗಟ್ಟಿಯೆಂದು ಗೊತ್ತು. ಅದು ಕಾಲೇಜಿನವರೆಗೆ ಮುಂದುವರಿಯುವುದಿಲ್ಲವೆಂಬುದೇ ನನ್ನ ಬೇಸರ.

ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ನೀಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಇರುವ ಹಣಕ್ಕಿಂತ ಹೆಚ್ಚು ತೆಗೆಯಲು ಇಂಥ ಖಾತೆಯಲ್ಲಿ ಬರುವುದಿಲ್ಲವಾದ್ದರಿಂದ ಪೋಷಕರು ಹೆದರಬೇಕಾಗಿಲ್ಲ. ಒಂಬತ್ತನೇ ತರಗತಿಯ ನನ್ನ ಮಗಳಿಗೆ ಈಗ ಹಾಲು ಮತ್ತು ತರಕಾರಿಯ ಹಣವನ್ನು ಒಂದನೇ ತಾರೀಖಿಗೆ ಕೊಟ್ಟುಬಿಡುತ್ತೇನೆ. ಕಳೆದ ತಿಂಗಳು 26ಕ್ಕೇ ತರಕಾರಿ ಹಣ ಮುಗಿದಾಗ ಮತ್ತೆ ಕೊಡಲಿಲ್ಲ. ನಾಲ್ಕು ದಿನ ಎಲ್ಲರೂ ತಿಳಿಸಾರು, ಹುರುಳಿಕಾಳಿನಲ್ಲೇ ಉಂಡೆವು.

ಪದವಿಪೂರ್ವ ಶಿಕ್ಷಣ ಇಲಾಖೆಯಲ್ಲಿ ನನ್ನದೊಂದು ಕಳಕಳಿಯ ವಿನಂತಿ. ವಿಜ್ಞಾನ, ಕಲೆ, ವಾಣಿಜ್ಯ ಎಂಬ ಭೇದವಿಲ್ಲದೆ ದ್ವಿತೀಯ ಪಿಯುಸಿಯ ಎಲ್ಲ ವಿದ್ಯಾರ್ಥಿಗಳಿಗೂ ಪರೀಕ್ಷೆ, ಅಂಕಗಳ ಗೊಡವೆಯಿಲ್ಲದ ಕೆಲವು ತರಗತಿಗಳನ್ನು ಇದಕ್ಕೆಂದೇ ಮೀಸಲಿಟ್ಟು, ಅಲ್ಲಿ ನಿಜವಾದ ದಿನಸಿ ಚೀಟಿ, ಪಿ.ಜಿ.ಯ ಮುಂಗಡದ ಷರತ್ತು, ಮೊಬೈಲ್ ಸಾಲದ ಬಡ್ಡಿಯನ್ನು ಅವರ ಕೈಯಲ್ಲೇ ಲೆಕ್ಕ ಹಾಕಿಸಬೇಕು.

– ಒಬ್ಬ ತಾಯಿ, ತರೀಕೆರೆ