ಚಾಟ್ಸ್‌ವರ್ತ್ ಲಾಯ: ನಕ್ಷೆ ಬರೆಯುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಸಲದ ಅಭ್ಯಾಸಕ್ಕೆ ಇಂಗ್ಲೆಂಡಿನ ಡರ್ಬಿಶೈರ್‌ನ ಚಾಟ್ಸ್‌ವರ್ತ್ ಬಂಗಲೆಯ ಲಾಯ. 1760ರ ಸುಮಾರಿಗೆ ಆ ಬಂಗಲೆಯ ಒಡೆಯ, ಡೆವನ್‌ಶೈರ್‌ನ ನಾಲ್ಕನೇ ಡ್ಯೂಕ್‌ಗಾಗಿ ವಾಸ್ತುಶಿಲ್ಪಿ ಜೇಮ್ಸ್ ಪೇನ್ ವಿನ್ಯಾಸ ಮಾಡಿದ್ದು. ಲಾಯ ಅಂದರೆ ಕೊಟ್ಟಿಗೆ ಅಂದುಕೊಳ್ಳಬೇಡಿ. ನಮ್ಮ ಎಷ್ಟೋ ಬಂಗಲೆಗಳಿಗಿಂತ ಗತ್ತು ಇದಕ್ಕೇ ಜಾಸ್ತಿ!

ಮೊದಲು ಚೌಕ ಹಾಕಿ: ಬದಿಗೆ ಸುಮಾರು 58 ಮೀಟರ್, ನಡುವೆ ಅಂಗಳ, ಎರಡು ಅಂತಸ್ತು. ಮೂಲೆಗಳಲ್ಲಿ ಗಿಡ್ಡ ಗೋಪುರಗಳು, ಹೆಬ್ಬಾಗಿಲ ಮೇಲಿನದರಲ್ಲಿ ಗಡಿಯಾರ. ಆಗ ಕೆಳಗೆ 80 ಕುದುರೆಗಳಿಗೆ ಜಾಗ, ಕಮ್ಮಾರಸಾಲೆ ಇದ್ದವು. ಮೇಲೆ ಧಾನ್ಯದ ಉಗ್ರಾಣ, ಆಳುಗಳ ವಸತಿ ಇದ್ದವು.

ಇಂಥ ಹಳೆ ಲಾಯಗಳಲ್ಲಿ ಮೊದಲು ಕೆಡುವುದು ಗೋಡೆಯ ಬುಡ. ಗಂಜಲದ ಉಪ್ಪು ಕಲ್ಲಿಗಿಳಿದು, ಒಣಗುವಾಗ ಹರಳುಗಟ್ಟಿ ಗಾರೆಯನ್ನು ಉಬ್ಬಿಸುತ್ತದೆ. ಉಗುರು ತಾಗಿಸಿದರೆ ಪುಡಿ ಉದುರುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲೇ ಪದರ ಬಿಡುತ್ತದೆ. ಸಂದು ತುಂಬಲು ಸುಣ್ಣದ ಗಾರೆಯೇ ಸರಿ. ದುರಸ್ತಿ ಟಿಪ್ಪಣಿಯಲ್ಲಿ ಇದನ್ನು ಬಿಡಬೇಡಿ.

1830ರ ದಶಕದ ಸಾರೋಟಿನ ಮನೆ ಹಿಂದೆ ಬರುತ್ತದೆ, ಬೇರೆ ಬಣ್ಣದಲ್ಲಿ ಗುರುತಿಸಿ.