ಒಟಿಪಿಗೆ ಕಾಯುವ ಊರಿನಿಂದ ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರ. ಕೊಡಗು ವಿಶ್ವವಿದ್ಯಾಲಯದ ಬಗ್ಗೆ ತೀರ್ಮಾನ ಮಾಡುವ ಮೊದಲು ನಮ್ಮ ಮಾತನ್ನೂ ಕೇಳಿ ಅಂತ ಈ ಪತ್ರ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಸಣ್ಣ ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ಅಂಗಡಿ ನಡೆಯುವುದು ಆನ್‌ಲೈನ್ ಅರ್ಜಿಗಳಿಂದ. ಡಿಗ್ರಿಗೆ ಸೇರಲು ಯುಯುಸಿಎಂಎಸ್ ಅನ್ನುವ ಸರ್ಕಾರಿ ಪೋರ್ಟಲ್, ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್, ಹಾಸ್ಟೆಲ್‌ಗೆ ಇನ್ನೊಂದು, ಜಾತಿ-ಆದಾಯ ಸರ್ಟಿಫಿಕೇಟ್‌ಗೆ ಮತ್ತೊಂದು. ಪಿಯುಸಿ ರಿಸಲ್ಟ್ ಬಂದ ಮೇಲೆ ಎರಡು ತಿಂಗಳು ಊಟಕ್ಕೆ ಎದ್ದು ಹೋಗಲೂ ಬಿಡುವಿರುವುದಿಲ್ಲ. ನಮ್ಮ ಕಡೆಯ ಮಕ್ಕಳು ಕಾಲೇಜಿನ ಬಾಗಿಲವರೆಗೆ ಬಂದು ಎಲ್ಲಿ ಎಡವುತ್ತಾರೆ ಅನ್ನುವುದು ಕೌಂಟರಿನ ಈಚೆ ಕೂತ ನನಗೆ ಸ್ವಲ್ಪ ಚೆನ್ನಾಗಿಯೇ ಗೊತ್ತು.

ಕಳೆದ ವರ್ಷ ಎಸ್ಟೇಟಿನ ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಅರ್ಜಿಗೆ ಬಂದಳು. ಆಧಾರ್‌ಗೆ ಜೋಡಿಸಿದ ನಂಬರ್ ಅಪ್ಪನದು. ಅಪ್ಪ ಕಾಫಿ ತೋಟದ ಒಳಗೆ, ಸಿಗ್ನಲ್ ಇಲ್ಲದ ಕಡೆ. ತೋಟದ ಲೆಕ್ಕ ನೋಡುವ ಎಸ್ಟೇಟ್ ರೈಟರಿಗೆ ಫೋನ್ ಮಾಡಿದೆವು. ರೈಟರು ಆಳು ಕಳಿಸಿದರು. ಅಪ್ಪ ದಿಣ್ಣೆ ಹತ್ತಿ ಬಂದು ನಂಬರ್ ಓದಿ ಹೇಳುವಷ್ಟರಲ್ಲಿ ಒಟಿಪಿಯ ಸಮಯ ಮುಗಿದಿತ್ತು. ಮೂರು ಸಲ ಹೀಗೇ ಆಯಿತು. ಕೊನೆಗೆ ಆ ಮನುಷ್ಯ ಒಂದು ದಿನದ ಕೂಲಿ ಬಿಟ್ಟು ಫೋನ್ ಕೈಯಲ್ಲಿ ಹಿಡಿದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರು. ಆ ದಿನ ಸರ್ವರ್ ಇರಲಿಲ್ಲ.

ಇದನ್ನು ದೂರು ಅಂತ ಹೇಳುತ್ತಿಲ್ಲ. ಮುಂದೆ ಹೇಳುವ ಮಾತಿಗೆ ಇದು ಬೇಕು, ಅದಕ್ಕೆ ಹೇಳಿದೆ.

2025ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಹಿಂದಿನ ಸರ್ಕಾರ ಮಾಡಿದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚಬೇಕು ಅಂತ ಸಂಪುಟದ ಉಪಸಮಿತಿ ಹೇಳಿದೆ ಎಂದು. ಅದರಲ್ಲಿ ನಮ್ಮ ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯವೂ ಇತ್ತು. ದುಡ್ಡಿಲ್ಲ, ಹುದ್ದೆ ಇಲ್ಲ ಅನ್ನುವ ಕಾರಣ ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಆ ಕ್ಯಾಂಪಸ್ಸು ಆಗ ಆಕಾಶದಿಂದ ಬಿದ್ದದ್ದಲ್ಲ. ಮಂಗಳೂರು ವಿಶ್ವವಿದ್ಯಾಲಯದ ‘ಜ್ಞಾನ ಕಾವೇರಿ’ ಸ್ನಾತಕೋತ್ತರ ಕೇಂದ್ರ ಮೊದಲಿಂದಲೂ ಅಲ್ಲೇ ಇತ್ತು. ಆ ಮಂಗಳೂರು ವಿಶ್ವವಿದ್ಯಾಲಯವಾದರೂ ಹುಟ್ಟಿದ್ದು ಹೇಗೆ? 1968ರಲ್ಲಿ ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ. 1980ರಲ್ಲಿ ಅದೇ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಬೆಳೆಯಲು ವರ್ಷಗಳನ್ನು ಕೊಟ್ಟಿರಿ. ನಮಗೂ ಸ್ವಲ್ಪ ಕೊಡಿ ಅಂದರೆ ದುರಾಸೆಯೇನಲ್ಲ, ಅಲ್ವಾ?

ನಾನೂ ಚಿಕ್ಕಅಳುವಾರದಲ್ಲೇ ಪಿಜಿ ಓದಿದವಳು. ಕೊಣಾಜೆಗೆ ಕಳಿಸಲು ಮನೆಯಲ್ಲಿ ಒಪ್ಪಿರಲಿಲ್ಲ. ಬೆಳಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಬರಬಹುದು ಅನ್ನುವ ಒಂದೇ ಕಾರಣಕ್ಕೆ ಓದಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಮಂಗಳೂರು ರಸ್ತೆ ಮುಚ್ಚಿಹೋದಾಗ, ಒಂದು ಮಾರ್ಕ್ಸ್ ಕಾರ್ಡ್ ತಿದ್ದಿಸಲು ಘಟ್ಟ ಇಳಿಯುವುದು ಅಂದರೆ ಏನು ಅಂತ ಇಲ್ಲಿಯವರಿಗೆಲ್ಲ ಗೊತ್ತಾಗಿದೆ. ಹತ್ತಿರ ಇರುವುದೂ ಒಂದು ಸೌಲಭ್ಯವೇ. ಅದು ಯಾವ ವರದಿಯ ಯಾವ ಕಾಲಮ್ಮಿನಲ್ಲಿ ಬರುತ್ತದೋ ಗೊತ್ತಿಲ್ಲ.

ಸುದ್ದಿ ಬಂದ ರಾತ್ರಿಯೇ ನಾವೊಂದು ವಾಟ್ಸಾಪ್ ಗ್ರೂಪ್ ಮಾಡಿದೆವು. ಮೊದಲ ವಾರ ಅದು ಬರೀ ಸಂತೆ. ಗುಡ್ ಮಾರ್ನಿಂಗ್ ಹೂವು, ಎರಡೂ ಪಕ್ಷದವರ ಜಗಳ, ‘ಅಡ್ಮಿಷನ್ ನಿಲ್ಲಿಸಿದ್ದಾರಂತೆ’ ಎಂಬ ಫಾರ್ವರ್ಡ್. ಆ ಸುಳ್ಳು ನಂಬಿ ಇಬ್ಬರು ಅರ್ಜಿ ಹಾಕುವುದನ್ನೇ ಬಿಟ್ಟಿದ್ದರು. ಆಮೇಲೆ ಪಾಠ ಕಲಿತೆವು. ಒಂದು ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವುದು, ದಿನಾಂಕ ಇರುವ ಆದೇಶದ ಫೋಟೋ ಇಲ್ಲದೆ ಏನೂ ಹಾಕುವ ಹಾಗಿಲ್ಲ. ಇನ್ನೊಂದರಲ್ಲಿ ಯಾರು ಬೇಕಾದರೂ ಮಾತಾಡಬಹುದು. ಬರೆಯಲು ಬಾರದವರು ವಾಯ್ಸ್ ಮೆಸೇಜ್ ಹಾಕಿದರು. ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ, ಮಲಯಾಳದಲ್ಲಿ, ತೋಟದ ತಮಿಳಿನಲ್ಲಿ. ಅದನ್ನೆಲ್ಲ ಕೇಳಿ ಕನ್ನಡದಲ್ಲಿ ಟೈಪ್ ಮಾಡಿದ್ದು ನಾನು ಮತ್ತು ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಒಬ್ಬ ತಾಯಿ ಹೇಳಿದ್ದು ಇಷ್ಟೇ: ‘ಮಗಳು ಬಸ್ಸಲ್ಲಿ ಹೋಗಿ ಬರ್ತಾಳೆ ಅಂತ ಗಂಡನ್ನ ಒಪ್ಪಿಸಿದ್ದೆ, ಈಗ ಏನ್ ಹೇಳ್ಲಿ?’

ನಂತರ ಗೂಗಲ್ ಫಾರ್ಮ್ ಮಾಡಿದೆವು. ಬೆಂಗಳೂರಿನಲ್ಲಿ, ದುಬೈನಲ್ಲಿ ಇರುವ ನಮ್ಮವರೂ ತುಂಬಿದರು. ಅದನ್ನು ಇಮೇಲ್ ಮಾಡಿದರೆ ಒಂದು ಕಚೇರಿಯಿಂದ ಫೋನ್: ‘ಸಹಿ ಎಲ್ಲಿ?’ ಸರಿ, ಎಲ್ಲವನ್ನೂ ಪ್ರಿಂಟ್ ತೆಗೆದೆವು. ಸಿಕ್ಕಿದವರ ಸಹಿ ಹಾಕಿಸಿದೆವು. ಬಸ್ಸಲ್ಲಿ ಹೋಗಿ ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆವು. ಇಂಟರ್‌ನೆಟ್ಟಿನಲ್ಲಿ ಹೊರಟ ಅರ್ಜಿ ಕೊನೆಗೆ ಕೆಂಪು ಬಸ್ಸಿನಲ್ಲೇ ತಲುಪಿತು. ಇನ್ನೊಂದು ಪೋರ್ಟಲ್ಲಿಗೂ ಹಾಕಿದ್ದೆವು. ಅಲ್ಲಿ ಕೆಲವು ದಿನಗಳ ನಂತರ ‘ವಿಲೇವಾರಿ ಮಾಡಲಾಗಿದೆ’ ಅಂತ ಬಂತು. ಏನು ವಿಲೇವಾರಿ? ಪಂಚಾಯಿತಿಯವರು ಕಸಕ್ಕೂ ಅದೇ ಪದ ಬಳಸುತ್ತಾರೆ.

ಇಂಟರ್‌ನೆಟ್ಟಿಗೆ ಶಕ್ತಿ ಇಲ್ಲ ಅಂತಲ್ಲ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರಿನಲ್ಲಿ ದೊಡ್ಡ ಅಭಿಯಾನ ನಡೆಯಿತು, ನಿಮಗೂ ನೆನಪಿರಬಹುದು. ಸಿನಿಮಾದವರೂ ಕೈಜೋಡಿಸಿದರು. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಸ್ಪಂದಿಸಿದರು. ಆಗ ನಮಗೆಲ್ಲ ಗೆದ್ದೇಬಿಟ್ಟೆವು ಅನ್ನಿಸಿತ್ತು. ಆದರೆ ಹ್ಯಾಷ್‌ಟ್ಯಾಗ್ ಮೂರು ದಿನ ಓಡುತ್ತದೆ, ಫೈಲ್ ಮೂರು ವರ್ಷ ಕೂರುತ್ತದೆ. ಕಾಲೇಜಿನ ವಿಷಯ ಇನ್ನೂ ಕಷ್ಟ. ರಸ್ತೆಯಲ್ಲಿ ಆಂಬುಲೆನ್ಸ್ ನಿಂತರೆ ಎಲ್ಲರಿಗೂ ಕಾಣುತ್ತದೆ. ಡಿಗ್ರಿ ಮುಗಿಸಿದ ಹುಡುಗಿ ಪಿಜಿಗೆ ಹೋಗದೆ ಮನೆಯಲ್ಲೇ ಉಳಿದರೆ ಅದರ ಫೋಟೋ ಯಾರೂ ಹಾಕುವುದಿಲ್ಲ.

ಅದಕ್ಕೇ ನಾವು ಮಾಹಿತಿ ಹಕ್ಕಿನ ದಾರಿ ಹಿಡಿದೆವು. ಆನ್‌ಲೈನಿನಲ್ಲೇ ಹಾಕಬಹುದು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಹಳ್ಳಿಯವರಿಗೆ ಇದು ವರವೇ ಆಯಿತು. ಉದ್ದುದ್ದ ಭಾಷಣ ಬಿಟ್ಟು ನೇರ ಕೇಳುವುದು ಕಲಿತರು. ಎಷ್ಟು ಸೀಟು, ಎಷ್ಟು ಜನ ಸೇರಿದ್ದಾರೆ. ಎಷ್ಟು ಹುದ್ದೆ ಮಂಜೂರು, ಎಷ್ಟು ಖಾಲಿ. ಕೇಳಿದ ದುಡ್ಡೆಷ್ಟು, ಕೊಟ್ಟಿದ್ದೆಷ್ಟು. ಆದರೆ ನಿಜ ಹೇಳಬೇಕೆಂದರೆ ಇವನ್ನು ನಾವು ಕೇಳಲೇಬಾರದು. 2005ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರೂ ಕೇಳದೆಯೇ ಇಂಥವನ್ನು ಪ್ರಕಟಿಸಬೇಕು.

ಇಷ್ಟೆಲ್ಲ ಹೇಳಿದ್ದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಲು ಅಲ್ಲ. ನನಗೆ ನಿದ್ದೆ ಕೆಡಿಸಿದ ವಿಷಯ ಬೇರೆ. ನಮ್ಮ ಫಾರ್ಮಿನಲ್ಲಿ ಯಾವ್ಯಾವ ಊರಿನವರಿದ್ದಾರೆ ಅಂತ ಒಂದು ದಿನ ಕೂತು ನೋಡಿದೆ. ಕುಶಾಲನಗರ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ. ಟವರ್ ಇರುವ ಊರುಗಳೇ. ಸೂರ್ಲಬ್ಬಿ ಕಡೆಯಿಂದ ಬೆರಳೆಣಿಕೆ. ದಕ್ಷಿಣ ಕೊಡಗಿನ ಬುಡಕಟ್ಟು ಜನರ ಹಾಡಿಗಳಿಂದ, ಯರವರು, ಜೇನುಕುರುಬರ ಮಕ್ಕಳಿಂದ ಒಂದೂ ಇಲ್ಲ. ಅವರಿಗೆ ಕಾಲೇಜು ಬೇಡವಾ? ಬೇಕಾದವರಲ್ಲಿ ಮೊದಲಿಗರು ಅವರೇ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಸಿಗಲಿ ಅಂತ ಶನಿವಾರಸಂತೆ ಕಡೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಮಾಡಲು ಮರ ಹತ್ತಬೇಕಾದ ಜಿಲ್ಲೆಯಲ್ಲಿ ಅಹವಾಲು ಹೇಳಿಕೊಳ್ಳಲು ಏನು ಹತ್ತಬೇಕು, ಸ್ವಾಮಿ?

ಆದ್ದರಿಂದ ನನ್ನ ಮುಖ್ಯ ಮಾತು ಇದು. ಆನ್‌ಲೈನಿನಲ್ಲಿ ನಮ್ಮ ದನಿ ಕೇಳಿದರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೇಳದಿದ್ದರೆ ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳಬೇಡಿ.

ಕೊಡಗು ವಿಶ್ವವಿದ್ಯಾಲಯದ ಬಗ್ಗೆ ಏನೇ ತೀರ್ಮಾನ ಮಾಡುವುದಿದ್ದರೂ, ಮುಚ್ಚುವುದೋ, ಬೇರೆಯದಕ್ಕೆ ಸೇರಿಸುವುದೋ, ಉಳಿಸುವುದೋ, ಮೊದಲು ಕರಡನ್ನು ಕನ್ನಡದಲ್ಲಿ ವೆಬ್‌ಸೈಟಿಗೆ ಹಾಕಿಸಿ. ಸ್ಕ್ಯಾನ್ ಮಾಡಿದ ಮಸುಕು ಪಿಡಿಎಫ್ ಅಲ್ಲ, ಫೋನಿನಲ್ಲಿ ಓದಲು ಆಗುವ ಹಾಗೆ. ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಕೊಡಿ. ಆ ಎರಡು ತಿಂಗಳು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದಲ್ಲಿ ಬೇಡ. ಆಗ ಇಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರೂ ಹೋಗುತ್ತದೆ. ವಾಯ್ಸ್ ಮೆಸೇಜನ್ನೂ ಅರ್ಜಿ ಅಂತ ತೆಗೆದುಕೊಳ್ಳುವ ಒಂದು ವಾಟ್ಸಾಪ್ ನಂಬರ್ ಇರಲಿ. ಬಂದ ಪ್ರತಿಯೊಂದಕ್ಕೂ ಒಂದು ನಂಬರ್ ಬರಲಿ, ಕೊನೆಗೆ ಏನಾಯಿತು ಅಂತ ಒಂದು ಸಾಲು ಬರಲಿ. ‘ವಿಲೇವಾರಿ’ ಅನ್ನುವ ಪದ ಒಂದನ್ನು ಬಿಟ್ಟು ಯಾವ ಪದ ಬೇಕಾದರೂ ಬಳಸಿ.

ಫೋನೇ ಇಲ್ಲದವರಿಗೆ? ಅದಕ್ಕೂ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರವೇ ‘ಅರಿವು ಕೇಂದ್ರ’ ಅಂತ ಮಾಡಿದೆ. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ. ಅಲ್ಲಿನ ಮೇಲ್ವಿಚಾರಕರು ಊರಿನವರಿಗೆ ಗೊತ್ತಿರುವ ಜನ. ತಿಂಗಳಿಗೆ ಎರಡು ದಿನ ಅಲ್ಲಿ ಕೂತು ಕಾಲೇಜಿನ ವಿಷಯದ ಅಹವಾಲು ಬರೆದುಕೊಂಡು ಕಳಿಸುವ ವ್ಯವಸ್ಥೆ ಆಗಲಿ. ಒಟಿಪಿ ಕೇಳದೆ. ಆ ಹೆಚ್ಚಿನ ಕೆಲಸಕ್ಕೆ ಅವರಿಗೆ ಸ್ವಲ್ಪ ಹಣವನ್ನೂ ಕೊಡಿ, ಸುಮ್ನೆ ಹೊರೆ ಹಾಕಬೇಡಿ. ಇದರಿಂದ ನನ್ನ ಅಂಗಡಿಗೆ ಗಿರಾಕಿ ಕಡಿಮೆ ಆಗಬಹುದು. ಆಗಲಿ. ಜೆರಾಕ್ಸ್ ಇದ್ದೇ ಇದೆ.

ಆ ಲೈನ್ ಮನೆಯ ಹುಡುಗಿಯ ಅರ್ಜಿ ಐದನೇ ದಿನ ಹೋಯಿತು. ಅವಳೀಗ ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಳೆ. ಮೊನ್ನೆ ಬಂದವಳು, ‘ಅಕ್ಕ, ನಾನು ಮುಗಿಸುವಾಗ ಚಿಕ್ಕಅಳುವಾರ ಇರ್ತದಾ?’ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಅವಳ ಪ್ರಶ್ನೆಗೆ ಉತ್ತರ ಇರುವುದು ನಿಮ್ಮ ಹತ್ತಿರ.

ಈ ಪತ್ರವನ್ನು ನಿಮ್ಮ ಕಚೇರಿಗೆ ಇಮೇಲ್ ಮಾಡಿದ್ದೇನೆ. ಸ್ಪೀಡ್ ಪೋಸ್ಟಿನಲ್ಲೂ ಹಾಕಿದ್ದೇನೆ, ಸಹಿ ಇದೆ. ಎರಡರಲ್ಲಿ ಯಾವುದಕ್ಕೆ ಮೊದಲು ನಂಬರ್ ಬರುತ್ತದೋ ಅದನ್ನು ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ. ದಿನಾ ಕೇಳುವವರಿದ್ದಾರೆ.

ಇಂತಿ,
ಸುಂಟಿಕೊಪ್ಪದ ಜೆರಾಕ್ಸ್ ಅಂಗಡಿಯವಳು