ಸಂಘದ ಮೇಲ್‌ಗೆ ಯಾವ ಆ್ಯಪ್?

ಎಲ್ಲರಿಗೂ ನಮಸ್ಕಾರ. ಸಂಘದ ಮೇಲ್ ನೋಡಲು ಯಾವ ಆ್ಯಪ್ ಒಳ್ಳೇದು ಅಂತ ನಿನ್ನೆ ಕೇಳಿದಿರಲ್ಲ, ನನ್ನ ಮಟ್ಟಿಗೆ ಥಂಡರ್‌ಬರ್ಡ್. ದುಡ್ಡು ಕೊಡಬೇಕಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. 2024ರಿಂದ ಆಂಡ್ರಾಯ್ಡ್ ಫೋನಿಗೂ ಬಂದಿದೆ.

ನನಗೆ ಜಾಸ್ತಿ ಹಿಡಿಸಿದ್ದು ಚಿತ್ರಗಳ ವಿಷಯ. ಎಷ್ಟೋ ಜಾಹೀರಾತು ಮೇಲ್‌ಗಳಲ್ಲಿ ಕಣ್ಣಿಗೇ ಕಾಣದ, ಚುಕ್ಕೆಯಷ್ಟು ಚಿತ್ರ ಇರುತ್ತದೆ. ಮೇಲ್ ತೆರೆದ ಕೂಡಲೇ ಅದು ಕಳಿಸಿದವರ ಸರ್ವರ್‌ನಿಂದ ಇಳಿಯುತ್ತದೆ. ನಾವು ಎಷ್ಟು ಹೊತ್ತಿಗೆ ಓದಿದೆವು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಕಂಪ್ಯೂಟರಿನ ಥಂಡರ್‌ಬರ್ಡ್ ಇದನ್ನು ತಾನಾಗಿಯೇ ತಡೆಯುತ್ತದೆ. ಮೇಲ್ಗಡೆ ಒಂದು ಪಟ್ಟಿ ಕಾಣುತ್ತದೆ, ಚಿತ್ರ ತೋರಿಸಲು ಸುಮ್ನೆ ಅದನ್ನು ಒತ್ತಬೇಡಿ.

ಆದರೆ ಆ್ಯಪ್ ಬದಲಿಸಿದ ಮಾತ್ರಕ್ಕೆ ನಮ್ಮ ಜಿಮೇಲ್ ಪತ್ರಗಳು ಗೂಗಲ್ ಸರ್ವರ್ ಬಿಟ್ಟು ಬರುವುದಿಲ್ಲ, ಅಲ್ವಾ? ಅದೂ ಬೇಡ ಅನ್ನುವವರು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ನೋಡಬಹುದು. ಕಳಿಸುವವರು, ಪಡೆಯುವವರು ಇಬ್ಬರೂ ಪ್ರೋಟಾನ್‌ನಲ್ಲಿದ್ದರೆ, ಅವರಿಬ್ಬರ ಹೊರತು ಬೇರೆ ಯಾರೂ ಓದಲಾಗದಂತೆ ಪತ್ರಕ್ಕೆ ತಾನಾಗಿಯೇ ಬೀಗ ಬೀಳುತ್ತದೆ. ವಿಷಯದ ಸಾಲಿಗೆ ಮಾತ್ರ ಆಗಲೂ ಆ ಬೀಗ ಇಲ್ಲ.

ಇನ್ನೊಂದು ಮಾತು. ಗೊತ್ತಿಲ್ಲದ ಆ್ಯಪ್‌ಗೆ ಸಂಘದ ಪಾಸ್‌ವರ್ಡ್ ದಯವಿಟ್ಟು ಕೊಡಬೇಡಿ. ಸದಸ್ಯರ ಆಧಾರ್ ಪ್ರತಿಗಳು ಆ ಮೇಲ್‌ನಲ್ಲೇ ಇವೆ.

ಭಾನುವಾರ ಬೆಳಿಗ್ಗೆ 10ಕ್ಕೆ ಲ್ಯಾಪ್‌ಟಾಪ್ ತನ್ನಿ, ಕೂತು ಹಾಕಿಕೊಡುತ್ತೇನೆ.